ಮೊದಲು ಗೆರೆ, ಆಮೇಲೆ ಅಳತೆ: ಬಾಟಲಿ ಲೇಬಲ್ ಬರೆಯುವ ಬಗೆ

ವಿರಾಜಪೇಟೆ ಕಡೆಯ ನಮ್ಮ ಅತ್ತಿಗೆ ಪಣಪುಳಿ ಹಣ್ಣಿನ ರಸ ಕುದಿಸಿ ಕಾಚಂಪುಳಿ ಮಾಡುತ್ತಾರೆ, ಅಡುಗೆಗೆ ಹಾಕುವ ಕಪ್ಪು ಹುಳಿ. ಕಳೆದ ಸಲ ಬಾಟಲಿಗೆ ಕಂಪ್ಯೂಟರಿನಲ್ಲಿ ಲೇಬಲ್ ಬರೆದುಕೊಟ್ಟವಳು ನಾನು. 60 ಮಿ.ಮೀ. ಅಗಲ, 40 ಮಿ.ಮೀ. ಎತ್ತರ. ಅಳೆದೇ ಬರೆದಿದ್ದೆ. ಪ್ರಿಂಟ್ ಆಗಿ ಬಂದದ್ದು 62ಕ್ಕೆ 42! ಬಾಟಲಿಯ ಚಪ್ಪಟೆ ಜಾಗ ದಾಟಿದ ಅಂಚು ಸರಿಯಾಗಿ ಅಂಟಲಿಲ್ಲ, ಎರಡೇ ದಿನಕ್ಕೆ ಮೂಲೆಗಳು ಎದ್ದವು. ಅತ್ತಿಗೆ ಒಂದೊಂದನ್ನೇ ಬೆರಳಿನಿಂದ ಒತ್ತುತ್ತಾ ಕೂತಿದ್ದು ನೋಡಿ ತುಂಬಾ ಬೇಜಾರಾಯಿತು.

ಆದದ್ದು ಇಷ್ಟು. ವೆಕ್ಟರ್ ಚಿತ್ರದಲ್ಲಿ, ಅಂದರೆ ಗೆರೆ-ಆಕಾರಗಳಿಂದ ಕಟ್ಟುವ ಕಂಪ್ಯೂಟರ್ ಚಿತ್ರದಲ್ಲಿ, ಸುತ್ತಲಿನ ಗೆರೆ ಕೂರುವುದು ಆಕಾರದ ಅಂಚಿನ ನಡುಮಧ್ಯೆ. ಅರ್ಧ ದಪ್ಪ ಒಳಗೆ, ಅರ್ಧ ಹೊರಗೆ. 2 ಮಿ.ಮೀ. ಗೆರೆ ಹಾಕಿದರೆ ಎಡಕ್ಕೆ ಒಂದು, ಬಲಕ್ಕೆ ಒಂದು ಮಿ.ಮೀ. ಜಾಸ್ತಿ ಆಗುತ್ತದೆ. ಹಾಗಾಗಿ ಗೆರೆಯ ದಪ್ಪ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ನಾನು ಬಳಸುವುದು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಇಂಥ ಕೆಲಸಕ್ಕೆ ಧಾರಾಳ ಸಾಕು. 'ಆರ್' ಕೀ ಒತ್ತಿ ಒಂದು ಚೌಕ ಎಳೆಯಿರಿ. ಕಂಟ್ರೋಲ್, ಶಿಫ್ಟ್, ಎಫ್ ಒಟ್ಟಿಗೆ ಒತ್ತಿದರೆ ಬಣ್ಣ, ಗೆರೆ ಹೊಂದಿಸುವ ಫಿಲ್ ಆಂಡ್ ಸ್ಟ್ರೋಕ್ ತೆರೆಯುತ್ತದೆ. ಅಲ್ಲಿ ಸ್ಟ್ರೋಕ್ ಸ್ಟೈಲ್‌ಗೆ ಹೋಗಿ, ಮಿ.ಮೀ. ಆರಿಸಿ, ದಪ್ಪ 2 ಎಂದು ಕೊಡಿ. ಮೂಲೆ ಚೂಪಾಗಿರಬೇಕೋ ದುಂಡಗೋ ಅನ್ನುವುದೂ ಅಲ್ಲೇ.

ಈಗ 'ಎಸ್' ಒತ್ತಿ ಚೌಕವನ್ನು ಆರಿಸಿ. ಮೇಲಿನ ಪಟ್ಟಿಯಲ್ಲಿ ಅಗಲ, ಎತ್ತರದ ಡಬ್ಬಿಗಳು ಕಾಣುತ್ತವೆ. ಇಲ್ಲಿನ ಅಳತೆ ಸಾಮಾನ್ಯವಾಗಿ ಗೆರೆಯನ್ನೂ ಸೇರಿಸಿಕೊಂಡದ್ದು. ಚೌಕದ ಟೂಲ್‌ನಲ್ಲಿ ಕಾಣುವ ಅಳತೆಗೆ ಗೆರೆ ಸೇರಿರುವುದಿಲ್ಲ. ನಾನು ಅಳೆದದ್ದು ಅಲ್ಲೇ, ಎಡವಿದ್ದೂ ಅಲ್ಲೇ. ಡಬ್ಬಿಗಳ ನಡುವಿನ ಬೀಗ ತೆಗೆದು 60, 40 ಎಂದು ಬರೆಯಿರಿ. ಅದಕ್ಕೂ ಮುಂಚೆ, ಅದೇ ಪಟ್ಟಿಯಲ್ಲಿ ಆಕಾರದ ಜೊತೆ ಗೆರೆಯ ದಪ್ಪವನ್ನೂ ಬದಲಿಸುವ ಬಟನ್ ಇದೆ, ಅದನ್ನು ಆಫ್ ಮಾಡಿ. ಇಲ್ಲವಾದರೆ ನೀವು ಕೊಟ್ಟ 2 ಮಿ.ಮೀ. ಹಾಗೇ ಉಳಿಯುವುದಿಲ್ಲ.

ಚಿತ್ರ ಕಿರಿದು ಮಾಡುವಾಗ ಮಾತ್ರ ಅದೇ ಬಟನ್ ಆನ್ ಇರಬೇಕು. ಪಣಪುಳಿ ಹಣ್ಣಿಗೆ ಪುಟ್ಟ ಕುಂಬಳಕಾಯಿಯ ಹಾಗೆ ಗೀರುಗಳಿರುತ್ತವೆ ಅಲ್ವಾ? ದೊಡ್ಡದಾಗಿ ಬರೆದಾಗ ಚೆಂದ ಕಂಡವು. ಬಟನ್ ಆಫ್ ಇಟ್ಟು 15 ಮಿ.ಮೀ.ಗೆ ಇಳಿಸಿದೆ. ಹಣ್ಣು ಕಿರಿದಾಯಿತು, ಗೆರೆಗಳು ಹಾಗೇ ಉಳಿದವು. ಗೀರೆಲ್ಲ ಕೂಡಿಕೊಂಡು ಬರೀ ಕಪ್ಪು ಉಂಡೆ. ಆನ್ ಮಾಡಿ ಮತ್ತೆ ಇಳಿಸಿದಾಗ ಒಂದೊಂದು ಗೀರೂ ಬಿಡಿಬಿಡಿಯಾಗಿ ಬಂತು. ಎಳೆಯುವಾಗ ಕಂಟ್ರೋಲ್ ಒತ್ತಿ ಹಿಡಿಯಿರಿ, ಹಣ್ಣು ಸೊಟ್ಟಗಾಗುವುದಿಲ್ಲ.

ಪ್ರೆಸ್ಸಿಗೆ ಕೊಡುವ ಮುಂಚೆ ಫೈಲಿನ ಒಂದು ಪ್ರತಿ ತೆಗೆದಿಟ್ಟು, ಪಾತ್ ಮೆನುವಿನ ಸ್ಟ್ರೋಕ್ ಟು ಪಾತ್ ಒತ್ತಿ. ಗೆರೆಯೇ ಆಕಾರವಾಗುತ್ತದೆ, ಬೇರೆ ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿದರೂ ಕುಗ್ಗಿಸಿದರೂ ಅದರ ಜೊತೆಗೇ ಸಾಗುತ್ತದೆ. ಆಮೇಲೆ ದಪ್ಪ ಬದಲಿಸುವುದು ಕಷ್ಟ, ಅದಕ್ಕೇ ಆ ಪ್ರತಿ.

ಕೊನೆಗೆ ಮಾಮೂಲಿ ಕಾಗದದ ಮೇಲೆ 100 ಪರ್ಸೆಂಟಿನಲ್ಲಿ ಒಂದು ಪ್ರಿಂಟ್ ತೆಗೆದು, ಕತ್ತರಿಸಿ, ಬಾಟಲಿಯ ಮೇಲಿಟ್ಟು ನೋಡಿ.