ಚಿಪ್ ತಾನಾಗಿ ಸುಟ್ಟುಹೋಯಿತೋ, ಮೋಟಾರು ಅದನ್ನು ಸುಟ್ಟಿತೋ: ಸ್ಲಾಟ್ ಕಾರನ್ನು ಡಿಜಿಟಲ್ ಮಾಡುವಾಗ ದೋಷ ಹುಡುಕುವ ಬಗೆ

ಅನಲಾಗ್ ಸ್ಲಾಟ್ ಕಾರಿಗೆ (ಟ್ರ್ಯಾಕಿನ ಸೀಳಿನಲ್ಲಿ ಓಡುವ ವಿದ್ಯುತ್ ಆಟಿಕೆ ಕಾರು) ಡಿಜಿಟಲ್ ಚಿಪ್ ಕೂರಿಸಿದ ಮೇಲೆ ಕಾರು ಅಲುಗದಿದ್ದರೆ ಎಲ್ಲರೂ ಮೊದಲು ಅನುಮಾನಿಸುವುದು ಚಿಪ್ಪನ್ನೇ. ಅದನ್ನು ಕಿತ್ತು ಹೊಸದನ್ನು ಹಾಕುತ್ತಾರೆ. ನಾಲ್ಕು ಸುತ್ತು ಓಡಿ ಅದೂ ಸುಟ್ಟುಹೋಗುತ್ತದೆ. ಚಿಪ್ ತಾನಾಗಿ ಕೆಡುವುದು ಅಪರೂಪ. ಅದನ್ನು ಕೆಡಿಸುವುದು ಹೆಚ್ಚಾಗಿ ಮೋಟಾರು, ಇಲ್ಲವೇ ಬೆಸುಗೆಯಲ್ಲಿ ಆದ ಎಡವಟ್ಟು. ಹಾಗಾಗಿ ಚಿಪ್ಪಿನ ಪೊಟ್ಟಣ ಬಿಚ್ಚುವ ಮೊದಲೇ ಮೋಟಾರನ್ನು ಪರೀಕ್ಷಿಸಬೇಕು.

ಇಲ್ಲಿ ಹೇಳುವುದು 1:32 ಅಳತೆಯ ಸ್ಕೇಲೆಕ್ಸ್‌ಟ್ರಿಕ್ ಡಿಜಿಟಲ್ ಕಾರುಗಳ ಬಗ್ಗೆ. ಕರೇರಾ ಕಂಪನಿಯ ಡಿಜಿಟಲ್ 132ರ ಸಂಕೇತ ಬೇರೆ, ಅದರ ಚಿಪ್ ಇದಕ್ಕೆ ಒಗ್ಗುವುದಿಲ್ಲ. ಮೋಟಾರಿನ ಪರೀಕ್ಷೆಗಳು ಮಾತ್ರ ಎರಡಕ್ಕೂ ಒಂದೇ.

ಟ್ರ್ಯಾಕಿನಲ್ಲಿ ಏನು ಹರಿಯುತ್ತಿದೆ

ಅನಲಾಗ್ ಟ್ರ್ಯಾಕಿನಲ್ಲಿ ಟ್ರಿಗರ್ ಒತ್ತಿದಷ್ಟು ವೋಲ್ಟೇಜ್ ಹಳಿಗೆ ಬರುತ್ತದೆ. ಡಿಜಿಟಲ್‌ನಲ್ಲಿ ಹಳಿಯ ಮೇಲೆ ಸದಾ 15 ವೋಲ್ಟಿನ ಆಸುಪಾಸು ಇರುತ್ತದೆ, ಅದರ ದಿಕ್ಕು ಕ್ಷಣಕ್ಷಣಕ್ಕೂ ಅದಲುಬದಲಾಗುತ್ತದೆ. ಆ ಅದಲುಬದಲಿನಲ್ಲೇ ಪ್ರತಿ ಕಾರಿಗೂ ಬೇಕಾದ ಆದೇಶ ಅಡಗಿರುತ್ತದೆ. ಚಿಪ್ ಮೊದಲು ಇದನ್ನು ಡಿಸಿಯಾಗಿ ಬದಲಿಸಿಕೊಳ್ಳುತ್ತದೆ, ತನ್ನ ಸಂಖ್ಯೆಗೆ ಬಂದ ಆದೇಶ ಓದುತ್ತದೆ, ಆಮೇಲೆ ಮೋಟಾರಿಗೆ ವಿದ್ಯುತ್ತನ್ನು ತುಣುಕು ತುಣುಕಾಗಿ ಬಿಡುತ್ತದೆ.

ಇಷ್ಟು ಗೊತ್ತಿದ್ದರೆ ಮೂರು ಗೊಂದಲಗಳು ತಪ್ಪುತ್ತವೆ. ಮಲ್ಟಿಮೀಟರನ್ನು ಡಿಸಿಗಿಟ್ಟು ಹಳಿ ಅಳೆದರೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಅದರರ್ಥ ಪವರ್‌ಬೇಸ್ (ಹಳಿಗೆ ವಿದ್ಯುತ್ತೂ ಆದೇಶವೂ ಕೊಡುವ ಪೆಟ್ಟಿಗೆ) ಸತ್ತಿದೆ ಎಂದಲ್ಲ. ಕಾರು ಹಿಂದಕ್ಕೆ ಓಡಿದರೆ ಗೈಡಿನ (ಕಾರಿನ ಮುಂದೆ ಸೀಳಿನಲ್ಲಿ ಕೂತು ಹಳಿಯಿಂದ ವಿದ್ಯುತ್ ಪಡೆಯುವ ಭಾಗ) ತಂತಿ ಅದಲುಬದಲು ಮಾಡಿ ಫಲವಿಲ್ಲ, ಚಿಪ್ಪಿನಿಂದ ಮೋಟಾರಿಗೆ ಹೋಗುವ ಎರಡು ತಂತಿಗಳನ್ನೇ ಬದಲಿಸಬೇಕು. ಇನ್ನು ಚಿಪ್ ಇಲ್ಲದ ಕಾರನ್ನು 'ಸುಮ್ಮನೆ ನೋಡೋಣ' ಎಂದು ಈ ಟ್ರ್ಯಾಕಿನ ಮೇಲಿಡಬೇಡಿ. ಅದು ಓಡದೆ ಗುಂಯ್‌ಗುಟ್ಟುತ್ತಾ ನಿಂತಲ್ಲೇ ಕಾಯುತ್ತದೆ, ಮೋಟಾರಿನ ಸುರುಳಿ ಸುಡಬಹುದು.

ಮೋಟಾರಿನ ಪರೀಕ್ಷೆ

ಮೋಟಾರಿನ ಎರಡೂ ತಂತಿ ಬಿಡಿಸಿ, ಮಲ್ಟಿಮೀಟರನ್ನು 200 ಓಮ್ ಶ್ರೇಣಿಗಿಟ್ಟು ತುದಿಗಳಿಗೆ ಹಿಡಿಯಿರಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬಂದ ಓಮನ್ನು ಕಳೆಯುವುದು ಮರೆಯಬೇಡಿ. ಈಗ ಮೋಟಾರಿನ ಶಾಫ್ಟನ್ನು ಬೆರಳಿನಲ್ಲಿ ತುಸುತುಸುವೇ ತಿರುಗಿಸಿ, ಪ್ರತಿ ಸಲವೂ ನಿಲ್ಲಿಸಿ ಓದಿ. ಒಳ್ಳೆಯ ಮೋಟಾರಿನಲ್ಲಿ ಓದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಒಂದು ಜಾಗದಲ್ಲಿ ಮಾತ್ರ ಒಮ್ಮೆಲೇ ಏರಿದರೆ ಮೂರು ಸುರುಳಿಗಳಲ್ಲಿ ಒಂದು ಕಡಿದಿದೆ. ಒಂದು ಜಾಗದಲ್ಲಿ ಸೊನ್ನೆಗೆ ಬಿದ್ದರೆ ಕಮ್ಯುಟೇಟರಿನ (ಶಾಫ್ಟಿನ ಮೇಲೆ ಬ್ರಷ್‌ಗಳು ತಾಗುವ ತಾಮ್ರದ ಉಂಗುರ) ಸೀಳುಗಳಲ್ಲಿ ಇಂಗಾಲದ ಪುಡಿ ತುಂಬಿ ಶಾರ್ಟ್ ಆಗಿದೆ. ಅನಲಾಗ್‌ನಲ್ಲಿ ಅಂಥ ಮೋಟಾರು ಸ್ವಲ್ಪ ಬಿಸಿಯಾಗಿ ಹೇಗೋ ಓಡಿಬಿಡುತ್ತದೆ. ಚಿಪ್ಪಿಗೆ ಆ ತಾಳ್ಮೆಯಿಲ್ಲ.

ಓಮ್ ಸಂಖ್ಯೆಯಿಂದ ಲೆಕ್ಕ ಹಾಕಿ. ಚಕ್ರ ಸಿಕ್ಕಿಕೊಂಡು ಮೋಟಾರು ನಿಂತಾಗ ಹರಿಯುವ ವಿದ್ಯುತ್ತು ಎಂದರೆ ವೋಲ್ಟೇಜನ್ನು ಓಮಿನಿಂದ ಭಾಗಿಸಿದಷ್ಟು. 5 ಓಮ್ ಮೋಟಾರಾದರೆ 15 ವೋಲ್ಟಿಗೆ 3 ಆಂಪಿಯರ್. 2 ಓಮ್ ಇದ್ದರೆ 7.5 ಆಂಪಿಯರ್! ರೇಸಿಂಗ್‌ಗೆಂದು ದಪ್ಪ ತಂತಿಯಲ್ಲಿ ಸುರುಳಿ ಸುತ್ತಿದ ವೇಗದ ಮೋಟಾರುಗಳನ್ನು ಸಾಧಾರಣ ಚಿಪ್ಪಿಗೆ ಕಟ್ಟಿದರೆ ಮೊದಲ ಅಪಘಾತದಲ್ಲೇ ಚಿಪ್ ಹೋಗುವುದು ಇದಕ್ಕೇ. ಮಾಮೂಲಿ ಕಾರಿನೊಳಗೆ ಬರುವ, ನಿಮಿಷಕ್ಕೆ 18,000 ಸುತ್ತಿನ ಮಬುಚಿ ಮಾದರಿಯ ಮೋಟಾರೇ ಡಿಜಿಟಲ್‌ಗೆ ವಾಸಿ.

ನಂತರ ಮೀಟರನ್ನು ಬೀಪ್ ಶ್ರೇಣಿಗಿಟ್ಟು, ಒಂದು ಕಡ್ಡಿ ಮೋಟಾರಿನ ತುದಿಗೆ, ಇನ್ನೊಂದು ಅದರ ಲೋಹದ ಮೈಗೆ. ಇಲ್ಲಿ ಬೀಪ್ ಬರಲೇಬಾರದು. ಬಂದರೆ ಆ ಮೋಟಾರು ಬೇಡ.

ಕೊನೆಗೆ ಓಡಿಸಿ ನೋಡುವುದು. 12 ವೋಲ್ಟ್ ಡಿಸಿ ಅಡಾಪ್ಟರ್, ಸಾಲಿನಲ್ಲಿ ಬೈಕಿನ 12 ವೋಲ್ಟ್ 10 ವ್ಯಾಟ್ ಇಂಡಿಕೇಟರ್ ಬಲ್ಬು, ಆಮೇಲೆ ಮೋಟಾರು. ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುವ ಈ ಬಲ್ಬು ವಿದ್ಯುತ್ತನ್ನು 1 ಆಂಪಿಯರಿನೊಳಗೇ ಕಟ್ಟಿಹಾಕುತ್ತದೆ. ಮೋಟಾರು ತಿರುಗಿ ಬಲ್ಬು ಮಂಕಾಗಿದ್ದರೆ ಸರಿ, ಬಲ್ಬು ಝಗ್ಗೆಂದು ಉರಿದರೆ ಶಾರ್ಟ್ ಅಥವಾ ಬಿಗಿತ. ಪಿನಿಯನ್ (ಮೋಟಾರಿನ ಶಾಫ್ಟಿನ ಪುಟ್ಟ ಹಲ್ಲುಚಕ್ರ) ಗೇರಿಗೆ ತಾಗದಂತೆ ಒಮ್ಮೆ, ಕಾರಿನಲ್ಲಿ ಕೂರಿಸಿ ಒಮ್ಮೆ ಮಾಡಿ. ಎರಡನೇ ಸಲ ಬೆಳಕು ಬಹಳ ಹೆಚ್ಚಾದರೆ ಮೋಟಾರಿನದು ತಪ್ಪಲ್ಲ. ಗೇರು ಅತಿ ಬಿಗಿಯಾಗಿದೆ, ಆಕ್ಸಲ್ ಬಾಗಿದೆ, ಇಲ್ಲವೇ ಆಕ್ಸಲ್ ತಿರುಗುವ ಬುಷ್‌ನಲ್ಲಿ ಕೂದಲು ಸುತ್ತಿದೆ. ಕೂದಲೆಂದರೆ ನಗಬೇಡಿ, ನೆಲದ ಮೇಲೆ ಟ್ರ್ಯಾಕ್ ಹಾಕುವ ಮನೆಗಳಲ್ಲಿ ಅದೇ ದೊಡ್ಡ ಶತ್ರು.

ಜೋಡಣೆ

ಕಾರಿನ ತಳದಲ್ಲಿ ಡಿಪಿಆರ್ (ಡಿಜಿಟಲ್ ಪ್ಲಗ್ ರೆಡಿ) ಮುಚ್ಚಳ ಇದ್ದರೆ ಬೆಸುಗೆಯ ಗೋಜಿಲ್ಲ. ಸ್ಕ್ರೂ ಬಿಚ್ಚಿ, ಪ್ಲಗ್ ತೆಗೆದು, ಸಿ8515 ಚಿಪ್ ಇರುವ ಮುಚ್ಚಳ ಹಾಕುವುದು. ತಂತಿ ಮುಚ್ಚಳದ ಅಂಚಿಗೆ ಸಿಕ್ಕಿ ಚಪ್ಪಟೆಯಾಗದಂತೆ ನೋಡಿ, ಅಷ್ಟೇ.

ಹಳೆಯ ಕಾರಿಗೆ ಬೆಸುಗೆ ಬೇಕು. 25 ವ್ಯಾಟ್ ಐರನ್, 60/40 ತವರ-ಸೀಸದ ಬೆಸುಗೆ ತಂತಿ, ತೆಳುವಾದ ಸಿಲಿಕೋನ್ ತಂತಿ ಸಾಕು. ಬೆಂಗಳೂರಿನವರಿಗೆ ಇವೆಲ್ಲ ಎಸ್.ಪಿ. ರೋಡಿನಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಐರನ್ನನ್ನು ಒಂದು ಜಾಗದಲ್ಲಿ 3 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಹಿಡಿದರೆ ಬೋರ್ಡಿನ ತಾಮ್ರವೇ ಎದ್ದುಬರುತ್ತದೆ. ಪ್ರತಿ ಬೆಸುಗೆಗೂ ಹೀಟ್ ಶ್ರಿಂಕ್ ಕೊಳವೆ ಹಾಕಿ. ಚಿಪ್ಪನ್ನು ಎರಡು ಬದಿ ಅಂಟಿರುವ ಫೋಮ್ ಟೇಪಿನ ಮೇಲೆ, ಮೋಟಾರಿನಿಂದ ಸಾಧ್ಯವಾದಷ್ಟು ದೂರ ಕೂರಿಸಿ. ಇನ್ಸುಲೇಷನ್ ಟೇಪಿನಲ್ಲಿ ಮಗುವಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿದರೆ ಬಿಸಿ ಹೊರಹೋಗಲು ದಾರಿಯಿಲ್ಲ.

ಬ್ರಷ್‌ಗಳ ಕಿಡಿಯಿಂದ ಹುಟ್ಟುವ ವಿದ್ಯುತ್ ಗದ್ದಲ (ನಾಯ್ಸ್) ಚಿಪ್ಪಿನ ತಲೆ ಕೆಡಿಸುತ್ತದೆ. ಚಿಪ್ಪಿನ ಜೊತೆ ಫೆರೈಟ್ (ಆ ಗದ್ದಲ ತಡೆಯುವ ಪುಟ್ಟ ಭಾಗ) ಬಂದಿದ್ದರೆ 'ಜಾಗ ಸಾಲದು' ಎಂದು ಕತ್ತರಿಸಿ ಎಸೆಯಬೇಡಿ. ಹಾಗಂತ ದೊಡ್ಡ ಕೆಪಾಸಿಟರ್ ಸೇರಿಸುವುದೂ ತಪ್ಪು. ಚಿಪ್ ಪ್ರತಿ ತುಣುಕಿಗೂ ಅದನ್ನು ತುಂಬಬೇಕಾಗಿ ಬಂದು ತಾನೇ ಬಿಸಿಯಾಗುತ್ತದೆ. ಗೈಡಿನ ಎರಡು ತಂತಿಗಳ ನಡುವೆ, ಅಂದರೆ ಚಿಪ್ಪಿಗೂ ಮುಂಚೆ, ಕೆಪಾಸಿಟರ್ ಇದ್ದರೆ ತೆಗೆದುಬಿಡಿ. ಅದು ಸಂಕೇತವನ್ನೇ ಮಸುಕು ಮಾಡುತ್ತದೆ.

ಚಿಪ್ ನಿಜಕ್ಕೂ ಸತ್ತಿದೆಯೇ

ಮೋಟಾರು ಬಿಡಿಸಿ, ಆ ಜಾಗದಲ್ಲಿ 47 ಓಮ್, 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಕಟ್ಟಿ. ಪೂರ್ತಿ 15 ವೋಲ್ಟ್ ಬಂದರೂ 0.32 ಆಂಪಿಯರ್ ಮಾತ್ರ ಹರಿಯುತ್ತದೆ. ಇಲ್ಲಿ ಬಲ್ಬು ಬಳಸಬೇಡಿ. ತಣ್ಣಗಿರುವ ತಂತು ಆರಂಭದಲ್ಲಿ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಕಾರನ್ನು ಟ್ರ್ಯಾಕಿನ ಮೇಲಿಟ್ಟು ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿಯಿರಿ, ಈಗ ಡಿಸಿ ಶ್ರೇಣಿಯೇ ಸರಿ. ಟ್ರಿಗರ್ ಒತ್ತಿದಂತೆ ಸಂಖ್ಯೆ ಏರಿ, ಬಿಟ್ಟಾಗ ಇಳಿದರೆ ಚಿಪ್ ಗಟ್ಟಿಯಾಗಿದೆ. ಟ್ರಿಗರ್ ಮುಟ್ಟದೆಯೇ ಪೂರ್ತಿ ವೋಲ್ಟೇಜ್ ನಿಂತಿದ್ದರೆ ಅದರೊಳಗೆ ಮೋಟಾರಿನ ವಿದ್ಯುತ್ತನ್ನು ಬಿಟ್ಟು ತಡೆಯುವ ಮಾಸ್‌ಫೆಟ್ ಶಾರ್ಟ್ ಆಗಿದೆ. ಟ್ರ್ಯಾಕಿಗಿಟ್ಟ ಕೂಡಲೇ ಕಾರು ಹುಚ್ಚೆದ್ದು ಓಡುವುದು ಇದೇ ರೋಗ. ಏನೂ ಬರದಿದ್ದರೆ ತೀರ್ಪು ಕೊಡುವ ಮುನ್ನ ಕಾರಿನ ಸಂಖ್ಯೆಯನ್ನು ಮತ್ತೆ ಪ್ರೋಗ್ರಾಮ್ ಮಾಡಿ, ಕಂಟ್ರೋಲರನ್ನೂ ಬದಲಿಸಿ ನೋಡಿ. ಪ್ರೋಗ್ರಾಮ್ ಮಾಡುವಾಗ ಟ್ರ್ಯಾಕಿನ ಮೇಲೆ ಆ ಒಂದೇ ಕಾರಿರಲಿ, ಇಲ್ಲದಿದ್ದರೆ ಅಲ್ಲಿರುವ ಎಲ್ಲ ಕಾರುಗಳಿಗೂ ಅದೇ ಸಂಖ್ಯೆ ಕೂತು ಒಂದೇ ಟ್ರಿಗರಿಗೆ ಎಲ್ಲವೂ ಓಡುತ್ತವೆ.

ಕಾರು ಓಡುತ್ತದೆ, ಆದರೆ ತಡವರಿಸುತ್ತದೆ ಎಂದರೆ ಹೆಚ್ಚಾಗಿ ಬ್ರೇಡಿನ (ಗೈಡಿನಲ್ಲಿದ್ದು ಹಳಿಗೆ ತಾಗುವ ಹೆಣೆದ ಲೋಹದ ಪಟ್ಟಿ) ತಪ್ಪು. ಸಂಪರ್ಕ ಕಣ್ಣೆವೆ ಮುಚ್ಚುವಷ್ಟು ಕಡಿದರೂ ಅನಲಾಗ್ ಕಾರು ಓಟದ ಜಡತ್ವದಲ್ಲೇ ಮುಂದೆ ಸಾಗುತ್ತದೆ. ಡಿಜಿಟಲ್ ಕಾರಿನ ಚಿಪ್ ಮಾತ್ರ ನಿಂತು ಮತ್ತೆ ಎದ್ದೇಳಬೇಕು. ಬ್ರೇಡನ್ನು ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಒರೆಸಿ, ತುದಿಯನ್ನು ತುಸು ಬಿಡಿಸಿ ಹಳಿಗೆ ಚಪ್ಪಟೆಯಾಗಿ ಕೂರುವಂತೆ ಬಾಗಿಸಿ. ಗೈಡಿನೊಳಗೆ ತಂತಿಯ ತುದಿ ಸಡಿಲವಿದೆಯೇ ಎಂದು ಎಳೆದು ನೋಡಿ.

ಇನ್ನು ಲೇನ್ ಬದಲಾಗದ ದೂರು. ಗೈಡಿನ ಹಿಂದೆ, ಕಾರಿನ ನಡುಗೆರೆಯಲ್ಲಿ, ಕೆಳಮುಖವಾಗಿ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಇರುತ್ತದೆ. ಸುತ್ತು ಎಣಿಸುವ ಸೆನ್ಸರೂ ಲೇನ್ ಬದಲಿಸುವ ಸೆನ್ಸರೂ ನೋಡುವುದು ಇದನ್ನೇ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಮಸುಕು ನೇರಳೆ ಬೆಳಕು ಕಾಣಬೇಕು. ಹಿಂದಿನ ಕ್ಯಾಮೆರಾ ಇದನ್ನು ಶೋಧಿಸಿಬಿಡುವುದುಂಟು. ಬೆಳಕಿಲ್ಲದಿದ್ದರೆ ಎಲ್‌ಇಡಿಯ ಕಾಲುಗಳು ತಿರುಗುಮುರುಗಾಗಿವೆ ಅಥವಾ ಬೆಸುಗೆ ಬಿಟ್ಟಿದೆ. ಬೆಳಕಿದ್ದೂ ಸುತ್ತು ಎಣಿಕೆಯಾಗದಿದ್ದರೆ ಅದು ರಂಧ್ರದಲ್ಲಿ ಮೇಲೆ ಹೂತಿದೆ ಇಲ್ಲವೇ ವಾಲಿದೆ. ತಳದ ಮಟ್ಟಕ್ಕೆ ನೆಟ್ಟಗೆ ತಂದು ಒಂದು ಹನಿ ಗ್ಲೂ ಗನ್ ಅಂಟು ಹಾಕಿ. ಸುತ್ತು ಸರಿಯಾಗಿ ಎಣಿಕೆಯಾಗುತ್ತಿದ್ದು ಲೇನ್ ಮಾತ್ರ ಬದಲಾಗದಿದ್ದರೆ ಕಾರನ್ನು ಬಿಚ್ಚಬೇಡಿ, ದೋಷ ಕಂಟ್ರೋಲರಿನ ಗುಂಡಿಯಲ್ಲೋ ಟ್ರ್ಯಾಕಿನ ಲೇನ್ ಚೇಂಜರಿನಲ್ಲೋ ಇದೆ.