ಹಳೆಯ ಮಾತು, ಹೊಸ ಪ್ರವಾದಿ: ಜೋಡಿ ವಚನಗಳನ್ನು ಓದುವುದು ಹೇಗೆ?

ಬೈಬಲಿನ ನಹೂಮನ ಪುಸ್ತಕದಲ್ಲೂ ಯೋನನ ಪುಸ್ತಕದಲ್ಲೂ ಇರುವ ಊರು ಒಂದೇ, ಅಶ್ಶೂರರ ನಿನೆವೆ. ಸೀನಾಯಿ ಬೆಟ್ಟದಲ್ಲಿ ಮೋಶೆ ಕೇಳಿಸಿಕೊಂಡ ಹಳೆಯ ಮಾತೊಂದು ಎರಡರಲ್ಲೂ ಬರುತ್ತದೆ. ಒಂದು ಕಡೆ ಅದು ಊರಿಗೆ ಮರಣಶಾಸನ, ಇನ್ನೊಂದು ಕಡೆ ಅದೇ ಊರು ಉಳಿಯಲು ಕಾರಣ. ಹೀಬ್ರೂ ಪ್ರವಾದಿಗಳಲ್ಲಿ ಇಂಥ ಜೋಡಿಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಹಳೆಯದರಲ್ಲಿ ಏನನ್ನು ಕೈಬಿಟ್ಟರು, ಯಾವ ಪದವನ್ನು ಬದಲಿಸಿದರು ಎಂದು ಹುಡುಕಿದರೆ ಪ್ರವಾದಿ ಹೇಳಹೊರಟಿದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಬೇಕಾಗುವುದು ಇಷ್ಟೇ: ಅಡಿಯಲ್ಲಿ ಅಡ್ಡ ಉಲ್ಲೇಖಗಳಿರುವ ಸತ್ಯವೇದ (ಬೈಬಲ್), ಹೀಬ್ರೂ ಪದಗಳಿಗೆ ಸಂಖ್ಯೆ ಕೊಟ್ಟಿರುವ ಪದಸೂಚಿ, ನಡುವೆ ಗೆರೆ ಎಳೆದ ಒಂದು ನೋಟ್‌ಬುಕ್. ಪದಸೂಚಿ ಯಾಕೆಂದರೆ, ಹೀಬ್ರೂವಿನ ಒಂದೇ ಪದ ಅನುವಾದದಲ್ಲಿ ಒಂದು ಕಡೆ ‘ಪ್ರೀತಿ’, ಇನ್ನೊಂದು ಕಡೆ ‘ಕೃಪೆ’ ಆಗಿ ಮರೆಯಾಗಬಹುದು. ವಚನಸಂಖ್ಯೆಯೂ ಕೈಕೊಡುತ್ತದೆ. ನಮ್ಮ ಕನ್ನಡ ಅನುವಾದದ ಯೋವೇಲ 3ನೇ ಅಧ್ಯಾಯ ಹೀಬ್ರೂ ಮೂಲದಲ್ಲಿ 4ನೆಯದು.

ಮೊದಲು ಕಾಲದ ಗೆರೆ ಎಳೆಯಿರಿ

ಆಮೋಸ, ಹೋಶೇಯ, ಯೆಶಾಯ ಕ್ರಿ.ಪೂ. 8ನೇ ಶತಮಾನದವರು. ಉತ್ತರ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬಿದ್ದದ್ದು ಕ್ರಿ.ಪೂ. 722ರ ಸುಮಾರಿಗೆ, ನಿನೆವೆ 612ರಲ್ಲಿ, ಯೆರೂಸಲೇಮ್ ಬಾಬೆಲಿನ (ಬ್ಯಾಬಿಲೋನಿನ) ಕೈಗೆ 587ರ ಸುಮಾರಿಗೆ. ಪಾರಸಿಯ (ಪರ್ಷಿಯಾದ) ಅರಸ ಕೋರೆಷ ಬಾಬೆಲನ್ನು ಹಿಡಿದದ್ದು 539ರಲ್ಲಿ. ಎರಡನೇ ದೇವಾಲಯ ಮುಗಿದದ್ದು 515ರಲ್ಲಿ. ಇಷ್ಟು ಬರೆದುಕೊಂಡರೆ ಸಾಕು.

ಹೊಸಬರು ಎಡವುವುದು ಯೆಶಾಯನಲ್ಲಿ. ಅದರ 66 ಅಧ್ಯಾಯಗಳನ್ನು ಒಬ್ಬನೇ, ಒಂದೇ ಕಾಲದಲ್ಲಿ ಬರೆದ ಎಂದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. 44:28 ಮತ್ತು 45:1ರಲ್ಲಿ ಕೋರೆಷನ ಹೆಸರೇ ಬರುತ್ತದೆ. ಹೆಚ್ಚಿನ ವಿದ್ವಾಂಸರು 40–55ನ್ನು ಬಾಬೆಲಿನ ಸೆರೆವಾಸದ ಕೊನೆಗೂ 56–66ನ್ನು ಅದರ ನಂತರದ ಕಾಲಕ್ಕೂ ಇಡುತ್ತಾರೆ.

ಆಮೇಲೆ ಅಪರೂಪದ ಪದ ಹಿಡಿಯಿರಿ

‘ಯೆಹೋವನು ಹೀಗೆನ್ನುತ್ತಾನೆ’ ಎಂಬಂಥದ್ದು ಎಲ್ಲ ಪ್ರವಾದಿಗಳ ಬಾಯಲ್ಲೂ ಇರುವ ಮಾತು, ಅದು ಸಾಕ್ಷಿಯಾಗದು. ಬೇಕಾದದ್ದು ‘ಹಿಪ್ಪಾಜೋನ್’ ಅಂಥ ಪದ. ಹಾಗೆಂದರೆ ಗಡಿಬಿಡಿ, ಅವಸರ. ಇಡೀ ಹೀಬ್ರೂ ಬೈಬಲಿನಲ್ಲಿ ಅದು ಬರುವುದು ಮೂರೇ ಸಲ. ವಿಮೋಚನಕಾಂಡ 12:11ರಲ್ಲಿ ಪಸ್ಕ ಹಬ್ಬದ ಊಟವನ್ನು ಅವಸರದಲ್ಲಿ ಉಣ್ಣಬೇಕು, ಧರ್ಮೋಪದೇಶಕಾಂಡ 16:3ರಲ್ಲಿ ಐಗುಪ್ತದಿಂದ ಅವಸರದಲ್ಲಿ ಹೊರಟದ್ದರ ನೆನಪು. ಮೂರನೆಯದು ಯೆಶಾಯ 52:12. ಬಾಬೆಲಿನಿಂದ ಹೊರಡುವವರಿಗೆ ಅಲ್ಲಿ ಹೇಳುವುದು ‘ಅವಸರದಿಂದ ಹೋಗಬೇಡಿ’ ಎಂದು. ಎರಡನೇ ಬಿಡುಗಡೆ ಮೊದಲನೆಯದರ ನಕಲಾಗದೆ ಅದನ್ನೂ ಮೀರಿಸಬೇಕು. ಅದಕ್ಕೆ ಒಂದು ‘ಬೇಡ’ ಸಾಕಾಯಿತು.

ಈಗ ಅಕ್ಕಪಕ್ಕ ಬರೆಯಿರಿ

ಇಲ್ಲಿ ಆತುರ ಬೇಡ, ಕೆಲಸದ ತಿರುಳೇ ಇದು. ಎಡಗಡೆ ವಿಮೋಚನಕಾಂಡ 34:6–7ನ್ನು, ಅಂದರೆ ಸೀನಾಯಿಯಲ್ಲಿ ಮೋಶೆ ಕೇಳಿಸಿಕೊಂಡ ಆ ಮಾತನ್ನು, ತುಂಡುತುಂಡಾಗಿ ಬರೆದುಕೊಳ್ಳಿ: ಕನಿಕರವುಳ್ಳವನು, ದಯೆಯುಳ್ಳವನು, ಬೇಗ ಸಿಟ್ಟಾಗದವನು, ‘ಹೆಸೆದ್’ ಅಂದರೆ ಬಿಡದ ಪ್ರೀತಿ ತುಂಬಿದವನು, ‘ಎಮೆತ್’ ಅಂದರೆ ಸತ್ಯ ತುಂಬಿದವನು, ಅಪರಾಧ ದ್ರೋಹ ಪಾಪಗಳನ್ನು ಕ್ಷಮಿಸುವವನು, ಆದರೂ ಅಪರಾಧಿಯನ್ನು ಸುಮ್ಮನೆ ಬಿಡದವನು, ತಂದೆಗಳ ದೋಷವನ್ನು ಮಕ್ಕಳ ಮೇಲೆ ಬರಮಾಡುವವನು. ಕರುಣೆ ಮೊದಲು, ದಂಡನೆ ಕೊನೆಗೆ.

ಬಲಗಡೆ ನಹೂಮ 1:3. ಬೇಗ ಸಿಟ್ಟಾಗದವನು ಎಂಬುದು ಉಳಿದಿದೆ. ಹೆಸೆದ್ ಇರಬೇಕಾದಲ್ಲಿ ‘ಕೋಹ್’, ಅಂದರೆ ಬಲ, ಬಂದು ಕೂತಿದೆ. ಕನಿಕರ, ದಯೆ, ಕ್ಷಮೆ ಮೂರೂ ಕಾಣೆ. ‘ಸುಮ್ಮನೆ ಬಿಡದವನು’ ಮಾತ್ರ ಭದ್ರವಾಗಿದೆ. ದೇವರ ತಾಳ್ಮೆ ಇಲ್ಲಿ ನಿನೆವೆಗೆ ತುಸು ತಡವಾಗಿ ಬರುವ ದಂಡನೆ, ಅಷ್ಟೇ.

ಅದರ ಕೆಳಗೆ ಯೋನ 4:2. ಇಲ್ಲಿ ದಂಡನೆಯ ಅರ್ಧ ಪೂರ್ತಿ ಬಿದ್ದುಹೋಗಿದೆ, ಬದಲಿಗೆ ‘ಕೇಡು ಮಾಡದೆ ಮನಸ್ಸು ಬದಲಿಸುವವನು’ ಎಂದು ಸೇರಿದೆ. ಈ ತುಂಡು ಬಂದದ್ದು ಇಸ್ರಾಯೇಲರು ಪೂಜಿಸಿದ ಚಿನ್ನದ ಕರುವಿನ ಕಥೆಯಿಂದ, ವಿಮೋಚನಕಾಂಡ 32:14ರಿಂದ. ಇಸ್ರಾಯೇಲರ ಪಾಲಿಗೆ ಸಂದ ಕ್ಷಮೆಯನ್ನು ಯೋನನ ಪುಸ್ತಕ ಅಶ್ಶೂರರಿಗೂ ಕೊಟ್ಟುಬಿಟ್ಟಿತು. ಅದನ್ನು ಹೇಳುವ ಯೋನನಿಗೇ ಅದರಿಂದ ಸಿಟ್ಟು! ಎಮೆತ್ ಕೂಡ ಇಲ್ಲಿಲ್ಲ. ಯೋನನ ತಂದೆಯ ಹೆಸರು ಅಮಿತ್ತೈ, ಅದೇ ಪದದಿಂದ ಹುಟ್ಟಿದ ಹೆಸರು. ಲೇಖಕ ನಗುತ್ತಿದ್ದಾನೆ ಎನ್ನಿಸದೆ ಇರದು.

ಮೀಕ 7:18–20 ಅದೇ ಮಾತಿಗೆ ಇನ್ನೊಂದು ನೆನಪನ್ನು ಬೆಸೆಯುತ್ತದೆ. ಅಪರಾಧ, ದ್ರೋಹ, ಪಾಪ ಎಂಬ ಮೂರೂ ಪದಗಳು ಇವೆ, ಆದರೆ ಪಾಪಗಳನ್ನು ಎಸೆಯುವುದು ಸಮುದ್ರದ ಅಗಾಧಕ್ಕೆ. ಆ ‘ಅಗಾಧ’ದ ಪದವನ್ನು ಪದಸೂಚಿಯಲ್ಲಿ ಹುಡುಕಿ. ವಿಮೋಚನಕಾಂಡ 15:5ರಲ್ಲಿ ಫರೋಹನ ಸೈನ್ಯ ಕಲ್ಲಿನಂತೆ ಮುಳುಗಿದ್ದೂ ಅಲ್ಲಿಗೇ.

ಯಾರು ಯಾರಿಂದ ಪಡೆದರು?

ಕಷ್ಟದ ಹೆಜ್ಜೆ ಇದು. ಯೋವೇಲ 2:13–14ಕ್ಕೂ ಯೋನ 3:9, 4:2ಕ್ಕೂ ಎಷ್ಟು ಹೋಲಿಕೆ ಎಂದರೆ ‘ಯಾರು ಬಲ್ಲರು’ ಎಂಬ ಮಾತೂ ಎರಡು ಕಡೆ ಇದೆ. ಎರಡರಲ್ಲೂ ‘ಕನಿಕರ, ದಯೆ’ ಎಂಬ ಕ್ರಮ ತಿರುಗುಮುರುಗಾಗಿ ‘ದಯೆ, ಕನಿಕರ’ ಆಗಿದೆ. ಪದಗಳ ಕ್ರಮ ಹೀಗೆ ಮಗುಚಿದ್ದರೆ ಅದು ಬೇರೆಡೆಯಿಂದ ಎತ್ತಿಕೊಂಡದ್ದರ ಗುರುತು ಎನ್ನುತ್ತಾರೆ. ಅದನ್ನೇ ನೆಚ್ಚಿಕೊಳ್ಳಬೇಡಿ, ಕೀರ್ತನೆ 145:8ರಲ್ಲೂ ಕ್ರಮ ಹಾಗೆಯೇ ಇದೆ, ಅಂದರೆ ಆರಾಧನೆಯಲ್ಲಿ ಅದೇ ರೂಢಿಯಾಗಿದ್ದಿರಬಹುದು. ಯೆಶಾಯ 2:2–4 ಮತ್ತು ಮೀಕ 4:1–3 ಹೆಚ್ಚುಕಡಿಮೆ ಒಂದೇ ಪಾಠ, ಇಬ್ಬರೂ ಮೂರನೆಯ ಕಡೆಯಿಂದ ಪಡೆದಿರಲೂಬಹುದು. ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡುವ ಆ ಮಾತನ್ನು ಯೋವೇಲ 3:10 ‘ಗುಳಗಳನ್ನು ಕತ್ತಿ ಮಾಡಿ’ ಎಂದು ತಲೆಕೆಳಗು ಮಾಡುತ್ತದೆ. ಒಂದು ಉಪಾಯವಿದೆ: ಒಂದು ವಚನ ಇನ್ನೊಂದರ ನೆರವಿಲ್ಲದೆ ಅರ್ಥವಾದರೆ, ಇನ್ನೊಂದಕ್ಕೆ ಮಾತ್ರ ಅದರ ಆಸರೆ ಬೇಕಾದರೆ, ಆಸರೆ ಬೇಡುವುದೇ ಹೊಸದಿರಬಹುದು. ಇದು ಸುಳಿವು, ಪುರಾವೆಯಲ್ಲ.

ಸಂಖ್ಯೆ, ಹಾವು

ಯೆರೆಮೀಯ 25:11 ಮತ್ತು 29:10 ಬಾಬೆಲಿನ ಆಳ್ವಿಕೆಗೆ 70 ವರ್ಷ ಕೊಡುತ್ತವೆ. 587ರಿಂದ 539ಕ್ಕೆ 48 ವರ್ಷವಷ್ಟೇ ಎಂದು ಕ್ಯಾಲ್ಕ್ಯುಲೇಟರ್ ಹಿಡಿದು ಕೂರಬೇಡಿ. ಮುಂದಿನವರು ಅದನ್ನು ಏನು ಮಾಡಿದರು ನೋಡಿ. 2 ಪೂರ್ವಕಾಲವೃತ್ತಾಂತ 36:21 ಆ 70ನ್ನು ಯಾಜಕಕಾಂಡ 26:34ರ ಜೊತೆ ಹೊಲಿದು, ಉಳುಮೆಯಿಲ್ಲದೆ ಭೂಮಿ ಪಡೆದ ವಿಶ್ರಾಂತಿಯ ಲೆಕ್ಕ ಮಾಡಿತು. ದಾನಿಯೇಲ 9:24 ಅದನ್ನು ಏಳೇಳು ವರ್ಷಗಳ 70 ‘ವಾರ’, ಅಂದರೆ 490 ವರ್ಷ, ಎಂದು ಹಿಗ್ಗಿಸಿತು. ಆ ವಚನದಲ್ಲಿ ‘ಎಪ್ಪತ್ತು’ ಮತ್ತು ‘ವಾರಗಳು’ ಎರಡನ್ನೂ ಹೀಬ್ರೂವಿನ ಅವೇ ವ್ಯಂಜನಗಳಲ್ಲಿ ಬರೆದಿದೆ, ಸ್ವರ ಮಾತ್ರ ಬೇರೆ.

ಕೆಲವು ಮೂಲಗಳು ಬೈಬಲಿನ ಆಚೆಗಿವೆ. ಸಿರಿಯಾದ ಕರಾವಳಿಯ ರಾಸ್ ಶಮ್ರಾದಲ್ಲಿ 1929ರಲ್ಲಿ ಉತ್ಖನನ ಶುರುವಾಗಿ, ಉಗಾರಿತ್ ನಗರದ ಮಣ್ಣಿನ ಹಲಗೆಗಳು ಸಿಕ್ಕವು. ಅಲ್ಲಿನ ದೇವರಾದ ಬಾಳನು ಓಡುವ ಸರ್ಪವನ್ನು, ಸುರುಳಿ ಸುತ್ತಿದ ಸರ್ಪವನ್ನು ಕೊಂದನೆಂದು ಅವು ಹೇಳುತ್ತವೆ. ಯೆಶಾಯ 27:1ರಲ್ಲಿ ಲಿವ್ಯಾತಾನನೆಂಬ ಮಹಾಸರ್ಪಕ್ಕೆ ಇರುವ ಬಿರುದುಗಳೂ ಅವೇ ಎರಡು. ಬದಲಾದದ್ದು ಕೊಲ್ಲುವವನು ಮತ್ತು ಕಾಲ: ಹಿಂದೆ ಕೊಂದಾಗಿದ್ದ ಹಾವನ್ನು ಯೆಹೋವನು ‘ಆ ದಿನದಲ್ಲಿ’ ಕೊಲ್ಲುವನು.

ನೀವೇ ಮಾಡಿ ನೋಡಲು ಒಂದು ಜೋಡಿ: ಯೆಶಾಯ 11:6–9 ಮತ್ತು 65:25. ಮೊದಲನೆಯದರಲ್ಲಿ ಮಗು ನಾಗರಹಾವಿನ ಹುತ್ತದ ಮೇಲೆ ಆಡುತ್ತದೆ. ಎರಡನೆಯದರಲ್ಲಿ ತೋಳ, ಕುರಿ, ಹುಲ್ಲು ತಿನ್ನುವ ಸಿಂಹ ಇವೆ. ಮಗು ಮಾತ್ರ ಇಲ್ಲ. ಹಾವಿಗೆ ಮಣ್ಣೇ ಆಹಾರ ಎಂದಿದೆ. ಎಡಗಡೆಯ ಕಾಲಮ್ಮಿನಲ್ಲಿ ಇನ್ನೊಂದು ಸಾಲಿಗೆ ಜಾಗ ಬಿಡಿ, ಆದಿಕಾಂಡ 3:14ಕ್ಕೆ.