ಭತ್ತ ಯಾಕೆ ಬಿಡೋದಿಲ್ಲ? ಸಂದರ್ಶನದಲ್ಲಿ ಮೌಲ್ಯ ಹುಡುಕುವ ಬಗೆ

ಸಿಂಧನೂರು, ಗಂಗಾವತಿ ಕಡೆ ರೈತರ ಸಮೀಕ್ಷೆಗೆ ಹೋದವರು ಬಹುತೇಕ ಒಂದೇ ಉತ್ತರ ಬರೆದುಕೊಂಡು ಬರುತ್ತಾರೆ: "ಭತ್ತಕ್ಕ ರೇಟು ಚಲೋ ಐತ್ರಿ." ತುಂಗಭದ್ರಾ ಎಡದಂಡೆಯ ಅಚ್ಚುಕಟ್ಟಿನಲ್ಲಿ ಬಹುಪಾಲು ಜಮೀನು ಅರೆ ನೀರಾವರಿ, ಅಂದರೆ ಕಡಿಮೆ ನೀರು ಸಾಕಾಗುವ ಬೆಳೆಗೆಂದು ಗೊತ್ತುಮಾಡಿದ್ದು, ಭತ್ತಕ್ಕಲ್ಲ. ಆದರೂ ರೇಟು ಬಿದ್ದ ವರ್ಷವೂ ರೈತ ಭತ್ತವನ್ನೇ ನಾಟಿ ಮಾಡುತ್ತಾನೆ. ಹಾಗಾದರೆ ರೇಟು ಮೇಲಿನ ಮಾತಷ್ಟೇ. ಅದರ ಒಳಗಿಳಿಯಲು ಲ್ಯಾಡರಿಂಗ್ ಎಂಬ, ಏಣಿಯ ಮೆಟ್ಟಿಲಿನಂತೆ ಒಂದು ಉತ್ತರದಿಂದ ಮುಂದಿನ ಪ್ರಶ್ನೆಗೆ ಹೋಗುವ ಸಂದರ್ಶನ ಪದ್ಧತಿ ಇದೆ. ಮನಶ್ಶಾಸ್ತ್ರಜ್ಞ ಡೆನ್ನಿಸ್ ಹಿಂಕಲ್ 1965ರಲ್ಲಿ ಶುರು ಮಾಡಿದ ಇದನ್ನು ರೆನಾಲ್ಡ್ಸ್ ಮತ್ತು ಗಟ್‌ಮನ್ 1988ರಲ್ಲಿ ಮಾರುಕಟ್ಟೆ ಸಂಶೋಧನೆಗಾಗಿ ವಿವರವಾಗಿ ಬರೆದರು. ವಸ್ತುವಿನ ಗುಣ, ಅದರಿಂದಾಗುವ ಅನುಕೂಲ, ಆ ಅನುಕೂಲ ಬೇಕೆನಿಸುವಂತೆ ಮಾಡುವ ಮನಸ್ಸಿನೊಳಗಿನ ಮೌಲ್ಯ: ಹೋಗುವ ದಾರಿ ಇಷ್ಟೇ.

"ಭತ್ತ ಯಾಕೆ?" ಎಂದು ಶುರು ಮಾಡಬೇಡಿ. ಮೂರು ಹೆಸರು ಮುಂದಿಡಿ: ಭತ್ತ, ಜೋಳ, ಹತ್ತಿ. ಯಾವ ಎರಡು ಒಂದೇ ಥರ, ಯಾವುದು ಬೇರೆ, ಹೇಗೆ? "ಜೋಳ, ಹತ್ತಿ ಕೈ ಕೊಡ್ತಾವ್ರಿ, ಭತ್ತ ಕೊಡಂಗಿಲ್ಲ" ಎಂದರೆ ನಿಮಗೆ ಬೇಕಾದ ಎಳೆ ಅವರ ಬಾಯಿಂದಲೇ ಸಿಕ್ಕಿತು. ಅದನ್ನೇ ಹಿಡಿಯಿರಿ.

"ಕೈ ಕೊಡಂಗಿಲ್ಲ ಅಂದ್ರ ಹೆಂಗ್ರಿ, ಅಣ್ಣಾ?"
"ಕಾಲುವಿ ನೀರು ಬಂದ್ರ ಎಷ್ಟು ಚೀಲ ಆಕ್ಕಾವ ಅಂತ ಲೆಕ್ಕ ಸಿಗತೈತ್ರಿ."
"ಲೆಕ್ಕ ಸಿಕ್ರ ಏನು ಅನುಕೂಲ?"
"ಗೊಬ್ಬರದಂಗಡಿ ಸಾವುಕಾರಗ ಹೇಳಿದ ಟೈಮಿಗೆ ಕೊಡಬೋದು."
"ಕೊಡ್ಲಿಲ್ಲಂದ್ರ?"
"ಬಡ್ಡಿ ಹೋಗ್ಲಿ ಬಿಡ್ರಿ, ನಾಕು ಮಂದ್ಯಾಗ ಮಾತು ಹೋಗತೈತಿ."

ದುಡ್ಡು ಪಕ್ಕಕ್ಕೆ ಸರಿದು ಮಾತು ತಮ್ಮ ಮೇಲೆ ಬಂದ ಈ ಜಾಗದಲ್ಲಿ ಸುಮ್ಮನಿರಿ. ಮೌನ ಮುರಿಯುವ ಕೆಲಸ ಅವರದಾಗಲಿ. ಮತ್ತೂ ಕೆದಕಿದರೆ "ಮಾತು ಹೋದ್ರ ಇನ್ನೇನೈತ್ರಿ" ಎಂದು ಸುತ್ತು ಹೊಡೆಯುತ್ತಾರೆ. ಅದೇ ಉತ್ತರ ಎರಡನೇ ಸಲ ಬಂದರೆ ಬುಡ ಮುಟ್ಟಿದಿರಿ ಎಂದರ್ಥ.

ಸತತ ಮೂರು "ಯಾಕೆ" ಕೇಳಿದರೆ ಅದು ಪೊಲೀಸ್ ವಿಚಾರಣೆ. ಎದುರಿಗಿದ್ದವರು ಸಮರ್ಥನೆಗೆ ಇಳಿಯುತ್ತಾರೆ. "ಅದರಿಂದ ಏನಾಗತೈತಿ", "ಅದು ಇಲ್ಲಂದ್ರ" ಎಂದು ತಿರುಗಿಸಿ ಕೇಳಿ. "ಗೊತ್ತಿಲ್ರಿ" ಬಂದರೆ ಅವರನ್ನು ಬಿಟ್ಟು ಊರಿನ ಮೇಲೆ ಹಾಕಿ: "ನಿಮ್ಮೂರಾಗ ಉಳಿದವ್ರು ಏನಂತಾರ?" ತಮ್ಮದನ್ನೇ ಬೇರೆಯವರ ಹೆಸರಲ್ಲಿ ಹೇಳುವುದು ಸುಲಭ. ಒಂದು ಉತ್ತರದಲ್ಲಿ ಎರಡು ಕಾರಣ ಬಂದರೆ ಒಂದಕ್ಕೆ ಗುರುತು ಹಾಕಿಟ್ಟು ಆಮೇಲೆ ಮರಳಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ಉತ್ತರವನ್ನು ನೀವೇ ಬಾಯಿಗೆ ಹಾಕುವುದು. "ಅಂದ್ರ ಮರ್ಯಾದಿ ಮುಖ್ಯ ಅಂತೀರಿ?" ಎಂದು ಕೇಳಿದರೆ ಪ್ಯಾಂಟು ಹಾಕಿ ಬಂದವರ ಮುಂದೆ ಯಾರಾದರೂ "ಹೌದ್ರಿ" ಅನ್ನುತ್ತಾರೆ. ಆ "ಹೌದ್ರಿ"ಯನ್ನು ದಾಖಲೆಗೆ ತೆಗೆದುಕೊಳ್ಳಬೇಡಿ.

ಕಟ್ಟೆಯ ಮೇಲೆ ಕೂತು ಸಾಲದ ಮಾತು ತೆಗೆದರೆ ಪಕ್ಕದವರೇ ಉತ್ತರಿಸುತ್ತಾರೆ. ಹೊಲದ ಬದುವಿನಲ್ಲಿ ಒಬ್ಬರೊಂದಿಗೆ ಒಂದು ತಾಸು ಸಿಕ್ಕರೆ ಎರಡು ಮೂರು ಎಳೆ ಪೂರ್ತಿ ಬಿಡಿಸಬಹುದು. ನಾಟಿಯ ದಿನಗಳಲ್ಲಿ ಹೋಗಬೇಡಿ, ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ. ಬರೆಯುವಾಗ "ಮಾತು ಹೋಗತೈತಿ" ಎಂದೇ ಬರೆಯಿರಿ. ಅದು "ಆರ್ಥಿಕ ಭದ್ರತೆ" ಎಂದಾಯಿತೋ, ವರದಿ ಓದಿದ ಅಧಿಕಾರಿ ಸಬ್ಸಿಡಿ ಕೊಟ್ಟು ಕೈ ತೊಳೆಯುತ್ತಾನೆ.

ಎದ್ದು ಬರುವ ಮೊದಲು ಪರೀಕ್ಷೆಗೆ ಒಂದು ಪ್ರಶ್ನೆ ಉಳಿಸಿಕೊಳ್ಳಿ: "ಜೋಳದ ರೊಕ್ಕ ಇಂಥಾ ದಿನಾನ ಕೈಗೆ ಬರತೈತಿ ಅಂತ ಖಾತ್ರಿ ಆದ್ರ ಹಾಕ್ತೀರೇನ್ರಿ?" ರೇಟು ಎಷ್ಟು ಎಂದು ಅವರು ತಕ್ಷಣ ಕೇಳಿದರೆ ನೀವು ಕಂಡ ಮೌಲ್ಯದ ಮೇಲೆ ಅನುಮಾನ ಇಟ್ಟುಕೊಳ್ಳಿ. ಯಾರು ಖಾತ್ರಿ ಕೊಡೋರು ಎಂದು ಕೇಳಿದರೆ ಎಳೆ ಸರಿಯಾಗಿದೆ.